ಕಟ್ಟಿಯಕ್ಕಾರನ ಸೇವಾನಿಯಮ ಮೀಮಾಂಸೆ

ದಂಡನೀತಿಯನ್ನೂ ರಾಜವಂಶಾವಳಿಗಳನ್ನೂ ಆಮೂಲಾಗ್ರವಾಗಿ ಶೋಧಿಸಿದ ವಿದ್ವಾಂಸರು, ಕೌರವನ ಹಸ್ತಿನಾವತಿಯಲ್ಲಿಯೂ ವಿರಾಟನ ಮತ್ಸ್ಯನಗರದಲ್ಲಿಯೂ ಹಿರಣ್ಯಕಶಿಪುವಿನ ಆಸ್ಥಾನದಲ್ಲಿಯೂ ಒಬ್ಬನೇ ಸೇವಕನು, ಯಾವ ರಾಜೀನಾಮೆಯನ್ನೂ ಸಲ್ಲಿಸದೆ, ಯಾವ ವರ್ಗಾವಣೆಯ ಆಜ್ಞೆಯನ್ನೂ ಕೈಗೊಳ್ಳದೆ, ಯುಗದಿಂದ ಯುಗಕ್ಕೆ ಊಳಿಗ ನಡೆಸುತ್ತ ಬಂದಿರುವ ಸಂಗತಿಯನ್ನು ಇಂದಿನವರೆಗೂ ಲಕ್ಷಿಸದೆ ಹೋದುದು ಅತ್ಯಂತ ವಿಷಾದಕರವು. ಸೇಲಂ, ಧರ್ಮಪುರಿ ಜಿಲ್ಲೆಗಳ ತೆರುಕ್ಕೂತ್ತೆಂಬ ಬಯಲಾಟದಲ್ಲಿ ಹಾಸ್ಯಗಾರನಾದ ಈ ಮಹಾಶಯನಿಗೆ ಕಟ್ಟಿಯಕ್ಕಾರನೆಂದು ಹೆಸರು. ರಾಜರು ಬರುವರು, ತೊಡೆ ಮುರಿಸಿಕೊಂಡೋ ಕರುಳು ಬಗೆಸಿಕೊಂಡೋ ಹೋಗುವರು. ಕಟ್ಟಿಯಕ್ಕಾರನಾದರೋ ಖಾಯಂ ನೌಕರನು. ಇದೇ ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಇಲ್ಲಿ ಪೂರ್ವಪಕ್ಷಿಯು ಎದ್ದು, ಮತ್ತೆ ಮತ್ತೆ ಬರುವ ಹಾಸ್ಯಪಾತ್ರವೆಂಬುದು ಆಂಗ್ಲರ ದೂರದರ್ಶನದಲ್ಲಿ ಹುಟ್ಟಿದ ಪದಾರ್ಥವೆಂದೂ, 1969ರ ಅಕ್ಟೋಬರಿನಿಂದ 1974ರವರೆಗೆ ಬಿಬಿಸಿಯಲ್ಲಿ 45 ಕಂತುಗಳಾಗಿ ಪ್ರಸಾರವಾದ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಎಂಬ ಪ್ರಹಸನಮಾಲೆಯೇ ಅದಕ್ಕೆ ಪ್ರಮಾಣವೆಂದೂ ವಾದಿಸುವನು. ಮೂಲೆ ಗಂಟಿಕ್ಕಿದ ಕರವಸ್ತ್ರವನ್ನು ತಲೆಗೆ ಹೊದ್ದು, ಷರಾಯಿಯನ್ನು ಮೊಣಕಾಲಿಗೆ ಮಡಿಚಿ, ಗಂಬೂಟು ಮೆಟ್ಟಿ ನಿಂತು ಕಿರುಚುವ, ಆ ಮಾಲೆಯ ಗಂಬಿ ಎಂಬ ಪಾತ್ರಗಳನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥವರು ಎಲ್ಲ ಸಂತೆಗಳಲ್ಲಿಯೂ ಇರತಕ್ಕವರೇ. ಆದರೆ ಅದೇ ಮಾಲೆಯಲ್ಲಿ ಗ್ರಹಾಂ ಚಾಪ್‌ಮನ್ ಧರಿಸುತ್ತಿದ್ದ ಕರ್ನಲ್ಲನ ಪಾತ್ರವನ್ನು ಪರಾಂಬರಿಸೋಣ. ಪ್ರಹಸನವು ತೀರ ಪೆದ್ದುಪೆದ್ದಾಯಿತೆಂದು ಗದರಿ, ನಡುವೆಯೇ ನಿಲ್ಲಿಸುವುದು ಆತನ ಏಕೈಕ ಕರ್ತವ್ಯ. ನಿಲ್ಲಿಸುವುದು ಸೇನಾಧಿಕಾರಿಗೆ ಸುಲಭಸಾಧ್ಯ. ರಾತ್ರಿ ಹತ್ತು ಗಂಟೆಗೆ ಆರಂಭವಾದ ಪೆದ್ದುತನವನ್ನು, ಮುಂದಿನ ಸಾಲಿನ ಮಕ್ಕಳು ಚಾಪೆಯ ಮೇಲೆ ನಿದ್ರೆಹೋದ ಮೇಲೂ, ಕೋಳಿ ಕೂಗುವ ಪರ್ಯಂತ ಎಳೆದೊಯ್ಯುವ ಭಾರವು ಕಟ್ಟಿಯಕ್ಕಾರನ ತಲೆಯ ಮೇಲಿದ್ದಿತಲ್ಲದೆ ಯಾವ ಕರ್ನಲ್ಲನ ತಲೆಯ ಮೇಲೂ ಇರಲಿಲ್ಲ. ಪೂರ್ವಪಕ್ಷವು ಪರಾಸ್ತವಾಯಿತು.

ಇನ್ನು ಅವನ ಅಧಿಕಾರವ್ಯಾಪ್ತಿ. ಇಬ್ಬರು ಒಂದು ತೆರೆಯನ್ನು ಅಡ್ಡಲಾಗಿ ಹಿಡಿದು ನಿಂತಿರುವರು. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಪಾದಗಳು. ಮುಖವೀಣೆ ಚೀರುವುದು, ಮದ್ದಳೆ ಬಿರುಸಾಗುವುದು. ಒಳಗಿನಿಂದ ಭುಜಕೀರ್ತಿಗಳ ಭಾರಕ್ಕೆ ಏದುಸಿರು ಬಿಡುತ್ತ ದುರ್ಯೋಧನನು ತನ್ನ ಪ್ರತಾಪವನ್ನು ತಾನೇ ಹಾಡಿಕೊಳ್ಳುವನು. ತೆರೆ ಸರಿಯಿತು. ಹೆಸರನ್ನು ಕೇಳಿದರೆ ದಿಕ್ಕುಗಳು ನಡುಗುವ ಆ ಸಾರ್ವಭೌಮನನ್ನು ಕಟ್ಟಿಯಕ್ಕಾರನು ಮೇಲಿನಿಂದ ಕೆಳಗಿನವರೆಗೆ ನೋಡಿ, ನೀನು ಯಾರಪ್ಪಾ ಎಂದು ಕೇಳಿಬಿಡುವನು! ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಜವಾನನೆದುರು ನಿಂತ ಅರ್ಜಿದಾರನಂತೆ ಕುರುಕುಲತಿಲಕನು ತಂದೆಯ ಹೆಸರು, ಊರು, ತಮ್ಮಂದಿರ ಸಂಖ್ಯೆ ಇವನ್ನೆಲ್ಲ ನಿವೇದಿಸಿಕೊಳ್ಳಲೇಬೇಕು. ಪಡಿತರಚೀಟಿಯಲ್ಲಿ ನೂರು ಮಂದಿಯ ಹೆಸರು ಹಿಡಿಸೀತೇ ಎಂದು ಕಟ್ಟಿಯಕ್ಕಾರನು ಕೇಳಿದರೂ ಕೇಳಿಯಾನು. ದ್ವಾಪರದಲ್ಲಿ ಪಡಿತರಚೀಟಿ ಇರಲಿಲ್ಲವೆಂಬ ಆಕ್ಷೇಪವನ್ನು ಎತ್ತಿದ ಪ್ರೇಕ್ಷಕನು ಇನ್ನೂ ಹುಟ್ಟಿಲ್ಲ. ಗುರುತನ್ನು ವಿಚಾರಿಸದೆ ಯಾವ ಅರಸನಿಗೂ ಸಿಂಹಾಸನವನ್ನು ಒಪ್ಪಿಸದಿರುವುದು ಖಾಯಂ ನೌಕರನ ಲಕ್ಷಣವಲ್ಲದೆ ಮತ್ತೇನು?

ಸೇವಕ, ದೂತ, ದ್ವಾರಪಾಲಕ ಮೊದಲಾದ ಚಿಲ್ಲರೆ ಹುದ್ದೆಗಳೆಲ್ಲ ಇವನಿಗೇ ಹೆಚ್ಚುವರಿ ಹೊಣೆಯಾಗಿ ಬರುವುವು. ಭತ್ಯದ ಮಾತಿಲ್ಲ. ಸರ್ಕಾರವು ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯನ್ನೂ 1997ರಲ್ಲಿ ನಾಮಕ್ಕಲ್ಲನ್ನೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯನ್ನೂ ಬೇರ್ಪಡಿಸಿದಾಗ ಕಲೆಕ್ಟರರಿಂದ ಹಿಡಿದು ಕುರ್ಚಿಗಳವರೆಗೆ ಎಲ್ಲವೂ ಹಂಚಿಕೆಯಾದವು. ಕಟ್ಟಿಯಕ್ಕಾರನನ್ನು ಹಂಚಲು ಯಾವ ಕಡತವೂ ತೆರೆಯಲಿಲ್ಲ.

ಪೆನ್ನಾಗರ, ಪಾಲಕ್ಕೋಡುಗಳ ಕಡೆಯ ನಮ್ಮ ಕನ್ನಡದ ಮನೆಯವರು ಇವನನ್ನು ಪರಭಾಷೆಯವನೆಂದು ಬಗೆದಿದ್ದರೆ ಅದು ದಾಖಲೆಗಳ ಅಜ್ಞಾನ. ಹೊಗೆನಕಲ್ಲಿನಲ್ಲಿ ಹರಿಗೋಲು ಹತ್ತಿ ಕಾವೇರಿಯನ್ನು ದಾಟಿ ಬಡಗಣಕ್ಕೆ ನಡೆದರೆ, ಇವನೇ ಮೂಡಲಪಾಯದಲ್ಲಿ ಕೋಡಂಗಿಯಾಗಿ ಕುಣಿಯುವುದನ್ನೂ, ದೊಡ್ಡಾಟದಲ್ಲಿ ಸಾರಥಿಯಾಗಿ ಬಂದವರ ಪೂರ್ವೋತ್ತರಗಳನ್ನು ಕೇಳುವುದನ್ನೂ ಕಾಣಬಹುದು. ಎರವಲು ಸೇವೆಯೆಂದು ಆಡಳಿತಶಾಸ್ತ್ರದಲ್ಲಿ ಇದಕ್ಕೇ ಹೇಳುವರು. ತೊಗಲುಗೊಂಬೆಯ ಕಿಳ್ಳೇಕ್ಯಾತನೂ ಇವನೇ ಎಂದು ಕೆಲವರ ಮತ. ನಮಗೆ ಸಂದೇಹವುಂಟು: ಕಿಳ್ಳೇಕ್ಯಾತನಿಗೆ ದಪ್ಪವೆಂಬ ಪರಿಮಾಣವೇ ಇಲ್ಲವಾಗಿ ದೇಹದಾರ್ಢ್ಯದ ಪ್ರಮಾಣಪತ್ರ ಸಿಕ್ಕುವುದು ದುಸ್ತರ, ಮೇಲಾಗಿ ಬಂಗಾರಕ್ಕನು ಅವನನ್ನು ದೂರದ ಊರಿಗೆ ಕಳುಹುವವಳಲ್ಲ.

ಉಳಿದದ್ದು ವೇತನಬಾಕಿಯ ಪ್ರಶ್ನೆ, ಇದು ಜಟಿಲವಾದುದು. ಈ ಆಟಗಳು ನಡೆಯುವ ದ್ರೌಪದಿಯಮ್ಮನ ಹಬ್ಬದ ಕಡೆಯ ದಿನ ಪಡುಕಳವೆಂಬ ರಣಾಂಗಣದಲ್ಲಿ ಬೃಹತ್ಪ್ರಮಾಣದ ಮಣ್ಣಿನ ದುರ್ಯೋಧನನು ಅಂಗಾತ ಮಲಗಿರುವಾಗ, ಹಾಡುಹಗಲಿನಲ್ಲಿ, ಊರಿನ ಸಮಸ್ತರ ಸಮ್ಮುಖದಲ್ಲಿ ಭೀಮನು ಅವನ ತೊಡೆಯನ್ನು ಒಡೆಯುವನು. ಯಜಮಾನನು ಹೀಗೆ ನಿರ್ನಾಮವಾದ ಮೇಲೆ ಬಾಕಿಯನ್ನು ಕೊಡತಕ್ಕವನು ಧರ್ಮರಾಯನೆಂದರೆ, ಆತನ ಕೈಯಲ್ಲಿ ಹಣ ನಿಲ್ಲುವ ರೀತಿಯನ್ನು ಜೂಜಿನ ಪ್ರಸಂಗದ ರಾತ್ರಿಯೇ ಊರೆಲ್ಲ ಕಂಡಿರುವುದು. ಅಷ್ಟರಲ್ಲಿ ಕಟ್ಟಿಯಕ್ಕಾರನು ಮುಖದ ಬಣ್ಣವನ್ನು ಎಣ್ಣೆಯಿಂದ ಒರೆಸಿಕೊಂಡು ಮುಂದಿನ ಊರಿನ ಬಸ್ಸು ಹತ್ತಿರುವನು. ಅಲ್ಲಿ ಈ ಬಾರಿ ಹಿರಣ್ಯಕಶಿಪುವಿನ ಆಸ್ಥಾನ. ಕಂಬವು ಬಿರಿಯುವುದಕ್ಕೆ ಮುಂಚೆಯೇ ಮುಂಗಡವನ್ನು ಕೇಳಿ ಪಡೆದುಕೊಳ್ಳತಕ್ಕದ್ದೆಂದು ನಮ್ಮ ಶಿಫಾರಸು.