ಹಲಸಿನ ಮರದ ವಾಯಿದೆ

ನಮ್ಮ ಮಾವನ ಹಲಸಿನ ಮರ ಕೋರ್ಟು ಹತ್ತಿ ಹನ್ನೊಂದು ವರ್ಷವಾಯಿತು. ಬೇಲಿಯಾಚೆ ಬುಡ, ಈಚೆ ಕೊಂಬೆ. ದಾವೆಗೆ ಇನ್ನೇನು ಬೇಕು? ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಾರೆ, ಸಂಜೆ ಮುದುಡಿ ಬರುತ್ತಾರೆ. ‘ಏನಾಯ್ತು?’ ಎಂದರೆ ಒಂದೇ ಉತ್ತರ: ‘ವಾಯಿದೆ.’

ಈ ವಾಯಿದೆಗೆ ತವರುಮನೆಯಾದ ಅರಬ್ಬಿಯಲ್ಲಿ ‘ಕೊಟ್ಟ ಮಾತು’ ಎಂದರ್ಥ. ಕೊಟ್ಟವರು ಯಾರು, ಉಳಿಸಿಕೊಳ್ಳಬೇಕಾದವರು ಯಾರು ಎಂದೆಲ್ಲ ಕೇಳಬೇಡಿ. ತಕರಾರು ಕೂಡ ಅಲ್ಲಿಂದಲೇ ಬಂದದ್ದು. ಮೂಲದಲ್ಲಿ ಜಗಳವೂ ಅಲ್ಲ, ಆಕ್ಷೇಪಣೆಯೂ ಅಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಅಷ್ಟೆ. ಎದುರು ಪಾರ್ಟಿಯ ಹದಿನಾಲ್ಕು ಪುಟದ ತಕರಾರನ್ನು ನಾನು ಓದಿದ್ದೇನೆ. ಈ ವ್ಯುತ್ಪತ್ತಿಗೆ ಬೇರೆ ಪುರಾವೆ ಬೇಡ.

ಫಿರ್ಯಾದು ಪಾರಸಿಯದು: ‘ಅಯ್ಯೋ, ಕಾಪಾಡಿ’ ಎಂಬ ಮೊರೆ. ಕೋರ್ಟಿನಲ್ಲಿ ಸುಮ್ಮನೆ ಅತ್ತರೆ ನಡೆಯುವುದಿಲ್ಲ, ನಕಲು ಪ್ರತಿ ಇಟ್ಟು ಅಳಬೇಕು. ಜಪ್ತಿಗೆ ಬಂದು ಮನೆಯ ಪಾತ್ರೆ ಎಣಿಸುವ ಅಮೀನನಿಗೆ ‘ನಂಬಿಕಸ್ಥ’ ಎಂಬ ಅರ್ಥವಿದೆ ಎಂದು ಅತ್ತೆಗೆ ಹೇಳಲು ಮಾತ್ರ ನನಗೆ ಧೈರ್ಯವಿಲ್ಲ.

ನನಗೆ ಬಹಳ ಹಿಡಿಸಿದ್ದು ಮುನ್ಸೀಫ. ಅದರ ಬೇರು ಅರಬ್ಬಿಯ ‘ನಿಸ್ಫ್’, ಅಂದರೆ ಅರ್ಧ. ಇನ್ಸಾಫ್ ಹುಟ್ಟಿದ್ದೂ ಅದರಿಂದಲೇ. ಇಬ್ಬರಿಗೂ ಸರಿಯರ್ಧ ಹಂಚಿಕೊಡುವವನು ಮುನ್ಸೀಫ. ಹಲಸಿನ ಹಣ್ಣಿಗೆ ಇದಕ್ಕಿಂತ ಒಳ್ಳೆಯ ತೀರ್ಪುಂಟೇ? ಒಂದು ಕತ್ತಿ, ಸ್ವಲ್ಪ ಕೊಬ್ಬರಿ ಎಣ್ಣೆ ಸಾಕು. ಆದರೆ ಮುನ್ಸೀಫ್ ಕೋರ್ಟು ಹೋಗಿ ಸಿವಿಲ್ ಜಡ್ಜ್ ಜೂನಿಯರ್ ಡಿವಿಷನ್ ಆಗಿದೆ. ಹೆಸರಿನ ಜೊತೆ ಆ ಅರ್ಧವೂ ಹೋಯಿತು.

ಜಮೀನು, ಜಾಮೀನುಗಳ ನಡುವೆ ಒಂದೇ ಒಂದು ದೀರ್ಘ. ಹುಟ್ಟಿನಿಂದ ನೆಂಟರೇ ಅಲ್ಲ: ಮೊದಲನೆಯದು ಪಾರಸಿಯ ನೆಲ, ಎರಡನೆಯದು ಅರಬ್ಬಿಯ ಹೊಣೆಗಾರ. ಆದರೂ ಯಾರಿಗಾದರೂ ಜಾಮೀನು ನಿಲ್ಲಲು ಹೋಗಿ ನೋಡಿ, ಮೊದಲು ಜಮೀನಿನ ಪಹಣಿ ಕೇಳುತ್ತಾರೆ.

ಇಂಗ್ಲಿಷಿನವರೇನು ಕಡಿಮೆಯೇ? ಅವರ ಮಾರ್ಟ್‌ಗೇಜ್ ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. 17ನೇ ಶತಮಾನದಲ್ಲಿ ಎಡ್ವರ್ಡ್ ಕೋಕ್ ಎಂಬ ನ್ಯಾಯಾಧೀಶ ಇದನ್ನು ಬಿಡಿಸಿ ಹೇಳಿದ: ಸಾಲ ತೀರಿಸದಿದ್ದರೆ ಆಸ್ತಿ ಸಾಲಗಾರನ ಪಾಲಿಗೆ ಸತ್ತಿತು, ತೀರಿಸಿದರೆ ಸಾಲ ಕೊಟ್ಟವನ ಪಾಲಿಗೆ. ಹೇಗೂ ಒಂದು ಹೆಣ ಬೀಳಲೇಬೇಕು. ನಮ್ಮವರು ರಸಿಕರು, ಅಂಥದ್ದೇ ವ್ಯವಹಾರಕ್ಕೆ ‘ಭೋಗ್ಯ’ ಎಂದು ಹೆಸರಿಟ್ಟರು.

ಹೋದ ವಾರ ಮಾವ ತಡವಾಗಿ ಬಂದರು. ‘ಬೆಳಗಿಂದ ಕೋರ್ಟ್ ಹಾಲ್ ಬಿಟ್ಟು ಅಲ್ಲಾಡಿಲ್ಲ, ಹೊಟ್ಟೆಗೂ ಏನಿಲ್ಲ’ ಎಂದರು. ಲ್ಯಾಟಿನ್ನಿನಲ್ಲಿ ಅಲಿಬಿ ಎಂದರೆ ‘ಬೇರೆಲ್ಲೋ’. ಸಾಕ್ಷಿ ಸಂಸ್ಕೃತದ್ದು, ಅದರೊಳಗೆ ಅಕ್ಷಿ ಇದೆ, ಕಣ್ಣು. ಅತ್ತೆಗೆ ಎರಡು ಭಾಷೆಯೂ ಬಾರದು. ಮಾವನ ಬಿಳಿ ಅಂಗಿಯ ಜೇಬಿನ ಕೆಳಗೆ ಒಮ್ಮೆ ನೋಡಿ, ‘ಕೆಂಪು ಚಟ್ನಿಯೋ?’ ಎಂದರು.

ಮಾವ ವಾಯಿದೆ ಕೇಳಿದರು.