ಅಟ್ಟದ ದನದ ಜಾತ್ರೆ

ಊರಿನ ಜಮೀನು ಕೈಬಿಟ್ಟು ಎಷ್ಟೋ ಕಾಲವಾದರೂ ನಮ್ಮ ಮನೆಯ ಅಟ್ಟದಲ್ಲಿ ಬೇಸಾಯ ನಿಂತಿರಲಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಜೋಡೆತ್ತು, ಗಾಡಿ, ಮಣ್ಣಿನ ಬಸವ, ಕಿನ್ನಾಳದ ಹಸು-ಕರು, ತಗಡಿನ ನೇಗಿಲು. ನವರಾತ್ರಿಗೆ ಇಳಿದು, ತಟ್ಟೆಯಲ್ಲಿ ಮೊಳೆಸಿದ ರಾಗಿ ಹೊಲದ ಬದುವಿನಲ್ಲಿ ನಿಂತು, ಹಬ್ಬ ಮುಗಿದರೆ ಮತ್ತೆ ಅಟ್ಟಕ್ಕೆ. ಇಷ್ಟು ರಜೆ ಸರ್ಕಾರಿ ನೌಕರಿಯಲ್ಲೂ ಇಲ್ಲ. ಈಗ ಅಟ್ಟವೇ ಇಲ್ಲದ ಫ್ಲ್ಯಾಟಿಗೆ ಹೊರಟಿದ್ದೆವು. "ನಿಮ್ಮ ದನಾನೆಲ್ಲ ಮಾರಿಬಿಡಿ" ಅಂದಳು ಹೆಂಡತಿ. ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದೆ.

ಅಪ್ಪನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಟ್ಟು ಕೊಂಡು ಪಳಗಿದವರು. ಎತ್ತಿನ ವ್ಯಾಪಾರ ಎಂದದ್ದೇ ತಡ, ಪಂಚೆ ಬದಲಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಿಗೇ ಕುರ್ಚಿ ಎಳೆದುಕೊಂಡರು.

ಮೊದಲು ಬಂದ ಹುಡುಗ ಒಂದೇ ಎತ್ತು ಕೇಳಿದ. ಇನ್ನೊಂದರ ಕೊಂಬು ಮುಕ್ಕಾಗಿತ್ತು.

"ಜೋಡಿ ಅಗಲಿಸಲ್ಲ ಕಣಪ್ಪಾ."

"ತಾತಾ, ಇದು ಮರದ್ದು."

"ಆದ್ರೇನು? ಒಂದೇ ನೊಗಕ್ಕೆ ಹೆಗಲು ಕೊಟ್ಟಿಲ್ವಾ?"

ಹುಡುಗ ಸೋತ. ಅಪ್ಪ ಅವನ ಕೈ ಎಳೆದು, ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿಯತೊಡಗಿದರು. ಸುತ್ತಲಿನವರಿಗೆ ದರ ತಿಳಿಯದಿರಲೆಂದು ಜಾತ್ರೆಯಲ್ಲಿ ದಲ್ಲಾಳಿಗಳು ಮಾಡುವ ಕ್ರಮ ಇದು. ಇಲ್ಲಿ ಸುತ್ತ ಇದ್ದವನು ನಾನೊಬ್ಬನೇ, ಮಾಲೀಕ. ಹುಡುಗ ಕಕ್ಕಾಬಿಕ್ಕಿಯಾಗಿ ಎಲ್ಲ ಬೆರಳಿಗೂ ತಲೆಯಾಡಿಸಿ, ಸ್ಕ್ಯಾನರ್ ಎಲ್ಲಿ ಎಂದ. ಹೊರಡುವಾಗ ಅಪ್ಪ ಎತ್ತುಗಳ ಕೊರಳ ದಾರ ಬಿಚ್ಚಿಟ್ಟುಕೊಂಡರು. ದನದ ಜೊತೆ ಹಗ್ಗ ಕೊಟ್ಟರೆ ಲಕ್ಷ್ಮಿಯೂ ಹೋಗುತ್ತಾಳಂತೆ.

ಜಟಾಪಟಿಯಾದದ್ದು ಟ್ರ್ಯಾಕ್ಟರಿನ ಮೇಲೆ. ಅಮೆರಿಕದ ಅಯೋವಾದಲ್ಲಿರುವ ಭಾವಮೈದ ತಂದುಕೊಟ್ಟ ಹಸಿರು ಜಾನ್ ಡೀರ್, ನಿಜದ್ದರ ಹದಿನಾರನೇ ಒಂದರಷ್ಟು ಅಳತೆ. ಆ ಸೀಮೆಯಲ್ಲಿ ಇದು ಮಕ್ಕಳಾಟವಲ್ಲ. 1945ರಲ್ಲಿ ಫ್ರೆಡ್ ಎರ್ಟಲ್ ಎಂಬಾತ ಮನೆಯ ನೆಲಮಾಳಿಗೆಯಲ್ಲಿ ಅಲ್ಯೂಮಿನಿಯಂ ಕರಗಿಸಿ ಆಟಿಕೆ ಟ್ರ್ಯಾಕ್ಟರ್ ಎರಕ ಹೊಯ್ದ. ಅವನ ಕಂಪನಿ ಬೆಳೆದ ಡೈಯರ್ಸ್‌ವಿಲ್ ಊರಿನಲ್ಲಿ ಈಗ ಇಂಥವಕ್ಕೇ ಒಂದು ಮ್ಯೂಸಿಯಂ ಇದೆ. ಇದೆಲ್ಲ ಬಲ್ಲ ಸಂಗ್ರಾಹಕರೊಬ್ಬರು ಬಂದು ಟ್ರ್ಯಾಕ್ಟರ್ ನೋಡುವ ಮೊದಲೇ ಡಬ್ಬ ಕೇಳಿದರು. ಡಬ್ಬದಲ್ಲಿ ನಮ್ಮ ಹಳೆಯ ಕರೆಂಟ್ ಬಿಲ್ಲುಗಳಿದ್ದವು. ಚಕ್ರದಲ್ಲಿ ಮಣ್ಣು, ಮಗಳು ತುಳಸಿ ಕುಂಡ ಉತ್ತಿದ್ದಳು.

"ಓಡಿಸಿಬಿಟ್ಟಿದ್ದೀರಿ. ಅರ್ಧ ಬೆಲೆ" ಅಂದರು ಅವರು.

ಅಪ್ಪ ಎದ್ದು ನಿಂತರು. "ಸ್ವಾಮಿ, ಹೊಲಕ್ಕೇ ಇಳೀದೆ ಇರೋದಕ್ಕೆ ಜಾಸ್ತಿ ದುಡ್ಡಾ? ಉಳುಮೆ ಕಲಿತಿದೆ ಇದು. ಐನೂರು ಮೇಲೆ ಹಾಕಿ."

ಆಮೇಲೆ ಟವೆಲಿನ ಕೆಳಗೆ ಏನು ನಡೆಯಿತೋ, ಅವರು ಪೂರ್ತಿ ಬೆಲೆ ಕೊಟ್ಟು ಹೊರಟರು. ಸಂಜೆ ಅಪ್ಪ ನನ್ನೆದುರು ಕೈ ಚಾಚಿದರು: ದಲ್ಲಾಳಿ ದುಡ್ಡು. ಕೊಟ್ಟೆ. ಕೊಂಡವರ ಕಡೆಯಿಂದಲೂ ವಸೂಲಾಗಿತ್ತೆಂದು ಮಾರನೇ ದಿನ ಸಂಗ್ರಾಹಕರು ಫೋನ್ ಮಾಡಿದಾಗಲೇ ಗೊತ್ತಾದದ್ದು. ಅವರು ಫೋನ್ ಮಾಡಿದ್ದು ದೂರಲು ಅಲ್ಲ. ಮುಂದಿನ ತಿಂಗಳು ತಮ್ಮ ಹಳೇ ಟ್ರ್ಯಾಕ್ಟರುಗಳನ್ನು ಮಾರಬೇಕಂತೆ, ಅಪ್ಪ ಬಿಡುವಾಗಿದ್ದಾರಾ ಎಂದು ಕೇಳಲು.