ನಿದ್ರೋತ್ತರ ಜಾಲಭ್ರಂಶ: ಅದರ ದೇಶ, ಕಾಲ, ಮತ

ಕನ್ನಡದಲ್ಲಿ ಯಾವ ಕವಿಯನ್ನು ಕುರಿತು ಬರೆಯಹೊರಟರೂ ಮೊದಲು ಅವನ ದೇಶ, ಕಾಲ, ಮತಗಳನ್ನು ತೀರ್ಮಾನಿಸಿ, ಆಮೇಲೆ ಪುಟ ಉಳಿದಿದ್ದರೆ ಕಾವ್ಯದ ಮಾತೆತ್ತುವುದು ಸಂಪ್ರದಾಯ. ಕವಿಗಳಿಗೆ ಸಂದ ಈ ಮರ್ಯಾದೆ ಲ್ಯಾಪ್‌ಟಾಪಿನ ರೋಗಗಳಿಗೆ ಇದುವರೆಗೆ ಸಂದಿಲ್ಲ. ಆ ಕೊರತೆಯನ್ನು ನೀಗುವುದಕ್ಕಾಗಿ, ನಿದ್ದೆಯಿಂದೆದ್ದ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಕಾರ್ಡು ಮಾತ್ರ ಏಳದೆ ಉಳಿಯುವ ವ್ಯಾಧಿಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದೆ.

ರೋಗದ ದೇಶ ಕೀಳ್ ಕೋತಗಿರಿ. ನೀಲಗಿರಿಯ ಪೂರ್ವದ ಮಗ್ಗುಲಲ್ಲಿ, ಕೋತಗಿರಿ ಪೇಟೆಯಿಂದ ಇನ್ನಷ್ಟು ಇಳಿದರೆ ಸಿಗುವ ಚಹಾ ತೋಟಗಳ, ಬಡಗರ ಹಟ್ಟಿಗಳ ಸೀಮೆ ಇದು. ಬೆಂಗಳೂರಿನಲ್ಲಿ ಈ ರೋಗವಿಲ್ಲವೇ ಎಂದು ಆಕ್ಷೇಪಿಸಬಹುದು. ಇದೆ. ಕುಮಾರವ್ಯಾಸನನ್ನು ಗದಗಿನವರೂ ಕೋಳಿವಾಡದವರೂ ತಮ್ಮವನೆಂದುಕೊಳ್ಳುವಂತೆ ಇದನ್ನೂ ಎಲ್ಲ ಊರಿನವರು ತಮ್ಮದೆನ್ನಬಹುದು. ಆದರೆ ಬೆಂಗಳೂರಿನಲ್ಲಿ ಕಾರ್ಡು ಕೈಕೊಟ್ಟ ಕೂಡಲೇ ಕಚೇರಿಯ ಐಟಿ ಹುಡುಗ ಬಂದು ಏನನ್ನೋ ಒತ್ತಿ ಹೊರಟುಬಿಡುತ್ತಾನೆ; ವಿಚಾರಕ್ಕೆ ಆಸ್ಪದವೇ ಇಲ್ಲ. ಕೀಳ್ ಕೋತಗಿರಿಯವರು ಬಸ್ಸು ಹತ್ತಿ ಕೋತಗಿರಿಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಘಾಟಿ ಇಳಿದು, ಮೆಟ್ಟುಪಾಳ್ಯ ದಾಟಿ, ಕೊಯಮತ್ತೂರಿಗೆ. ದರ್ಶನಗಳು ಹುಟ್ಟುವುದು ಬಸ್ಸಿಗೆ ಕಾಯುವ ಹೊತ್ತಿನಲ್ಲಿ.

ಕಾಲದ ಪ್ರಶ್ನೆ ಜಟಿಲವಾದದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಬೆಟ್ಟದ ನಿವಾಸಿಗಳಾದ ತೋದವರನ್ನು ಹೆದರಿಸಿ ನೀಲಗಿರಿಯನ್ನು ಹಿಡಿದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಅದರಲ್ಲಿ ವೈಫೈನ ಪ್ರಸ್ತಾಪವಿಲ್ಲ. ಸಣ್ಣ ಗೆಲುವನ್ನೂ ಕಲ್ಲಿನಲ್ಲಿ ಕೊರೆಸುವ ದಂಡನಾಯಕರು ಈ ರೋಗವನ್ನು ಗೆದ್ದಿದ್ದರೆ ಸುಮ್ಮನಿರುತ್ತಿರಲಿಲ್ಲ. ಆದ್ದರಿಂದ ರೋಗ 1117ಕ್ಕಿಂತ ಈಚಿನದು. 1603ರಲ್ಲಿ ಜೆಸ್ವಿಟ್ ಪಾದ್ರಿ ಫಿನಿಚಿಯೋ ದಾರಿತಪ್ಪಿದ ಕ್ರೈಸ್ತರನ್ನು ಹುಡುಕಿಕೊಂಡು ಮಲೆಯಾಳದ ಕಡೆಯಿಂದ ಈ ಬೆಟ್ಟ ಹತ್ತಿದ. ಅವನಿಗೆ ಕ್ರೈಸ್ತರೂ ಸಿಗಲಿಲ್ಲ, ಸಿಗ್ನಲ್ಲೂ ಸಿಗಲಿಲ್ಲ. ಆದರೆ ಅವನು ದೂರಿಕೊಂಡದ್ದು ಮೊದಲನೆಯದನ್ನು ಮಾತ್ರ. 1819ರಲ್ಲಿ ಕೋತಗಿರಿಯ ಬಳಿಯ ದಿಂಬಟ್ಟಿಯಲ್ಲಿ ಬೀಡುಬಿಟ್ಟ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟಕ್ಕೆ ಸೀಮೆ ತರಕಾರಿಗಳನ್ನು ತಂದನೆಂಬುದು ನಿಜ, ಈ ರೋಗವನ್ನೂ ತಂದನೆಂಬುದಕ್ಕೆ ಆಧಾರ ಸಾಲದು. ಹೀಗೆ ಒಂಬೈನೂರು ವರ್ಷಗಳನ್ನು ಜರಡಿ ಹಿಡಿದ ಮೇಲೆ ನಾವು 1996ರ ಡಿಸೆಂಬರಿಗೆ ಬಂದು ನಿಲ್ಲುತ್ತೇವೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂವರೂ ಕೂಡಿ ಎಸಿಪಿಐ ಎಂಬ ಸೂತ್ರಗ್ರಂಥವನ್ನು ಹೊರತಂದದ್ದು ಆಗ. ಕಂಪ್ಯೂಟರು ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬುದನ್ನು ವಿಧಿಸಿದ ಗ್ರಂಥ ಅದು. ಅದಕ್ಕೂ ಹಿಂದಿನ ಸೂತ್ರವಾದ 1992ರ ಎಪಿಎಂ ಕಾಲದಲ್ಲೇ ರೋಗದ ಬೀಜವಿತ್ತೆಂಬ ಪಕ್ಷವೂ ಉಂಟು. ಆ ಪಕ್ಷದವರು ಸಾಕ್ಷಿಗೆ ತೋರಿಸುವ ಲ್ಯಾಪ್‌ಟಾಪುಗಳು ಈಗ ಯಾವ ಗುಂಡಿ ಒತ್ತಿದರೂ ಏಳುವುದಿಲ್ಲವಾದ್ದರಿಂದ ವಾದ ನಿಲ್ಲುವುದಿಲ್ಲ.

ಮತದ ವಿಷಯದಲ್ಲಿ ಹೆಚ್ಚು ಜಗಳವಿಲ್ಲ. ವಿಂಡೋಸ್ ಮತದವರಿಗೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನವೂ ‘ಕೋಡ್ 10’ ಎಂಬ ಅಶರೀರವಾಣಿಯೂ ಪ್ರತ್ಯಕ್ಷವಾಗುತ್ತವೆ. ಲಿನಕ್ಸ್ ಮತದವರು ವಿಗ್ರಹಾರಾಧನೆಯನ್ನು ಒಪ್ಪದೆ ಕಪ್ಪು ತೆರೆಯ ಮೇಲೆ ಮಾಡ್‌ಪ್ರೋಬ್ ಮಂತ್ರದಿಂದ ಡ್ರೈವರನ್ನು ವಿಸರ್ಜಿಸಿ ಮತ್ತೆ ಆವಾಹಿಸುತ್ತಾರೆ. ರೋಗ ಇಬ್ಬರಿಗೂ ಬರುತ್ತದೆ.

ಇನ್ನು ಪೂರ್ವಪಕ್ಷ. ಒಂದು ಹಟ್ಟಿಯಲ್ಲಿ, ಮನೆಯಿಂದಲೇ ಕೊಯಮತ್ತೂರಿನ ಕಂಪನಿಯ ಕೆಲಸ ಮಾಡುವ ಹುಡುಗ ಮಧ್ಯಾಹ್ನ ಊಟಕ್ಕೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುತ್ತಾನೆ. ಉಂಡು ಬಂದು ತೆರೆದರೆ ವೈಫೈ ಗುರುತೇ ಇಲ್ಲ. ಅಷ್ಟರಲ್ಲಿ ಕಣಿವೆಯಿಂದ ಮಂಜು ಹತ್ತಿದೆ. ಮಂಜು ಬಂತು, ಅದಕ್ಕೇ ನೆಟ್ ಹೋಯಿತು ಎನ್ನುವುದು ತಾಯಿಯ ಮತ. ಕಾಟಿ ಕೇಬಲ್ ತುಳಿದಿರಬೇಕು ಎನ್ನುವುದು ಪಕ್ಕದ ಮನೆಯವರ ಮತ. ಚಹಾ ತೋಟಗಳಲ್ಲಿ ಕಾಟಿಗಳ ಹಿಂಡು ಮೇಯುವುದನ್ನು ಬಲ್ಲವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಮಂಜನ್ನೇ ಹೊಗೆಯೆಂದುಕೊಂಡು ಬೆಂಕಿಯನ್ನು ಊಹಿಸಿದರೆ ಅದು ಹೇತ್ವಾಭಾಸವೆಂದೂ ತಾರ್ಕಿಕರು ಎಚ್ಚರಿಸಿದ್ದಾರೆ. (ಇಷ್ಟು ಒಪ್ಪುವ ದೃಷ್ಟಾಂತ ಬಯಲುಸೀಮೆಯವನಿಗೆ ಹೊಳೆಯುವುದು ಕಷ್ಟ, ಆ ತಾರ್ಕಿಕರಲ್ಲಿ ಯಾರಾದರೂ ಕೀಳ್ ಕೋತಗಿರಿಗೆ ಬಂದುಹೋಗಿರಬೇಕೆಂಬುದು ನಮ್ಮ ಗುಮಾನಿ.) ದೊಡ್ಡಬೆಟ್ಟದ ಸಾಲು ಮುಂಗಾರಿಗೆ ಅಡ್ಡ ನಿಲ್ಲುವುದರಿಂದ ಈ ಮಗ್ಗುಲಿಗೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ. ರೋಗವೋ ಆಕಾಶ ತೊಳೆದಿಟ್ಟಂತಿರುವ ಫೆಬ್ರವರಿಯಲ್ಲೂ ಮರುಕಳಿಸುತ್ತದೆ. ಅದಿರಲಿ, ಅದೇ ಕೋಣೆಯಲ್ಲಿ ಅದೇ ರೌಟರಿನಿಂದ ತಾಯಿಯ ಫೋನಿನಲ್ಲಿ ಧಾರಾವಾಹಿ ತಡೆಯಿಲ್ಲದೆ ಓಡುತ್ತಿದೆ. ಮಂಜು ಫೋನನ್ನು ಬಿಟ್ಟು ಲ್ಯಾಪ್‌ಟಾಪನ್ನು ಮಾತ್ರ ಕವಿಯಿತೆನ್ನುವುದು ಸಾಹಸದ ಮಾತು. ಕಾಟಿಯೂ ಖುಲಾಸೆ.

ಸಿದ್ಧಾಂತಕ್ಕೆ ಬರೋಣ. ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕೇ ಅವಸ್ಥೆಗಳಲ್ಲಿ ಮುಗಿಸಿದ್ದನ್ನು ಎಸಿಪಿಐ ಎಸ್0ಯಿಂದ ಎಸ್5ರವರೆಗೆ ಆರು ಮಾಡಿತು. ಎಸ್3ರಲ್ಲಿ ರ‍್ಯಾಮ್‌ಗೆ ಮಾತ್ರ ಕರೆಂಟು. ಉಳಿದದ್ದು ಬಹುಮಟ್ಟಿಗೆ ಕತ್ತಲೆ. ಎಸ್4 ಎಂದರೆ ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರುವುದು, ಅಂದರೆ ಹೈಬರ್ನೇಟ್. ಇದಕ್ಕೆ ಸ್ಥಳೀಯ ಪ್ರಮಾಣವನ್ನು ಹುಡುಕಿ ನಿರಾಶರಾದೆವು: ಕೋತಗಿರಿಯ ಹಟ್ಟಿಗಳಿಗೆ ರಾತ್ರಿ ನುಗ್ಗುವ ಕರಡಿ ಚಳಿಗಾಲದ ದೀರ್ಘನಿದ್ರೆಯನ್ನು ಮಾಡುವ ಜಾತಿಯದಲ್ಲ, ವರ್ಷವಿಡೀ ಎಚ್ಚರ.

ನಿಜವಾದ ತೊಡಕು ಬೇರೆ ಕಡೆ ಇದೆ. ಯಂತ್ರಕ್ಕೆ ಒಂದು ನಿದ್ದೆಯಾದರೆ ಅದರ ಒಂದೊಂದು ಅಂಗಕ್ಕೂ ಡಿ0ಯಿಂದ ಡಿ3ರವರೆಗೆ ಪ್ರತ್ಯೇಕ ನಿದ್ದೆ. ಡಿ3ರಲ್ಲೂ ಬಿಸಿ, ತಣ್ಣನೆ ಎಂದು ಎರಡು ಬಗೆ. ತಣ್ಣನೆಯದರಲ್ಲಿ ಕಾರ್ಡಿನ ಕರೆಂಟು ಪೂರ್ತಿ ನಿಲ್ಲುತ್ತದೆ. ಡ್ರೈವರು ಅದರೊಳಗೆ ತುಂಬಿದ್ದ ಫರ್ಮ್‌ವೇರ್ ಅಳಿಸಿಹೋಗುತ್ತದೆ. ಎಚ್ಚರವಾದ ಮೇಲೆ ಅದನ್ನು ಮತ್ತೆ ತುಂಬಬೇಕು. ಕೆಲವು ಡ್ರೈವರುಗಳು ಹಾಗೆ ಮಾಡದೆ, ಹಿಂದಿನದೆಲ್ಲ ನೆನಪಿದೆಯೆಂದೇ ನಂಬಿ ಮಾತಿಗೆ ತೊಡಗುತ್ತವೆ. ಕಣ್ವಾಶ್ರಮದಿಂದ ಬಂದ ಶಕುಂತಲೆ ದುಷ್ಯಂತನ ಮುಂದೆ ನಿಂತದ್ದೂ ಇದೇ ನಂಬಿಕೆಯಿಂದ. ಫರ್ಮ್‌ವೇರೆಂಬ ಉಂಗುರ ಮೀನಿನ ಹೊಟ್ಟೆ ಸೇರಿದೆ, ಕಾರ್ಡು ನೀನಾರೆಂದು ಕೇಳುತ್ತದೆ, ಡ್ರೈವರು ಕಾದು ಸೋತು ಹಳದಿ ತ್ರಿಕೋನ ತೂಗುಹಾಕುತ್ತದೆ. ಇಲ್ಲಿ ತಪ್ಪು ಶಕುಂತಲೆಯದೂ ಅಲ್ಲ, ದುಷ್ಯಂತನದೂ ಅಲ್ಲ. ಶಾಪ ಕೊಟ್ಟವರು ಬ್ಯಾಟರಿ ಉಳಿಸಬೇಕೆಂಬ ಸದುದ್ದೇಶದ ದೂರ್ವಾಸರು ಮೂವರು, 1996ರಲ್ಲಿ.

ವಿಚಿತ್ರವೆಂದರೆ ತಂತಿಯ ಕಾರ್ಡಿಗೆ ಮಲಗಿದ ಯಂತ್ರವನ್ನೇ ಎಬ್ಬಿಸುವ ಶಕ್ತಿಯುಂಟು. ಆರು ಬೈಟುಗಳ ಮಂಗಳಾಚರಣೆಯ ಬಳಿಕ ಕಾರ್ಡಿನ ವಿಳಾಸವನ್ನು ಹದಿನಾರು ಸಲ ಕರೆಯುವ 102 ಬೈಟುಗಳ ‘ಮ್ಯಾಜಿಕ್ ಪ್ಯಾಕೆಟ್’ ಬಂದರೆ ಯಂತ್ರ ಏಳುತ್ತದೆ. ಷೋಡಶೋಪಚಾರವಿಲ್ಲದೆ ಏಳದ ದೈವಗಳ ಸಾಲಿಗೆ ಇದನ್ನೂ ಸೇರಿಸಬೇಕು.

ಚಿಕಿತ್ಸೆಯಲ್ಲಿ ಪಂಡಿತರೂ ಎಡವುವ ಜಾಗ ಒಂದಿದೆ. ‘ಶಟ್‌ಡೌನ್ ಮಾಡಿ ಆನ್ ಮಾಡಿದೆ, ಆದರೂ ಬರಲಿಲ್ಲ’ ಎಂಬುದು ಎಲ್ಲ ಹಟ್ಟಿಗಳಲ್ಲೂ ಕೇಳುವ ಗೋಳು. 2012ರ ವಿಂಡೋಸ್ 8ರಿಂದೀಚೆಗೆ, ಫಾಸ್ಟ್ ಸ್ಟಾರ್ಟಪ್ ಇದ್ದಲ್ಲಿ, ಶಟ್‌ಡೌನ್ ಎಂದರೆ ತಿರುಳನ್ನು ಡಿಸ್ಕಿನಲ್ಲಿ ಅಡಗಿಸಿಟ್ಟು ಸತ್ತಂತೆ ನಟಿಸುವುದು. ಹಳೆಯ ವಾಸನೆಗಳೆಲ್ಲ ಮುಂದಿನ ಜನ್ಮಕ್ಕೆ ಹಾಗೇ ಬರುತ್ತವೆ. ನಿಜವಾದ ಸಾವು ಇರುವುದು ರೀಸ್ಟಾರ್ಟಿನಲ್ಲಿ. ಪುನರ್ಜನ್ಮ ಬೇಕಾದವರು ಅದನ್ನೇ ಒತ್ತತಕ್ಕದ್ದು.

ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಕರೆಂಟು ಉಳಿಸಲು ಈ ಸಾಧನವನ್ನು ಆರಿಸಬಹುದು ಎಂದು ಯಂತ್ರಕ್ಕೆ ಅನುಮತಿ ಕೊಡುವ ಚೌಕದ ಟಿಕ್ ತೆಗೆಯುವುದು ಎರಡನೆಯ ಉಪಾಯ. ಹೊಸ ಯಂತ್ರಗಳಲ್ಲಿ ಈ ಪುಟವೇ ಎಷ್ಟೋ ಸಲ ಇರುವುದಿಲ್ಲ. ಅಲ್ಲಿ ಎಸ್3 ಹೋಗಿ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಬಂದಿದೆ. ಯಂತ್ರ ಮಲಗಿಯೂ ಮಲಗಿರುವುದಿಲ್ಲ, ಎಚ್ಚರವಿದ್ದೂ ಎದ್ದಿರುವುದಿಲ್ಲ. ತುರೀಯವೆಂದರೆ ಇದೇ ಎಂದು ಸಾಧಿಸಹೊರಟವರ ಲ್ಯಾಪ್‌ಟಾಪು ಚೀಲದೊಳಗೇ ಕಾದು ಬ್ಯಾಟರಿ ಖಾಲಿಯಾದದ್ದರಿಂದ ಆ ವಾದ ಅರ್ಧಕ್ಕೇ ನಿಂತಿದೆ.

ತಾಯಿಯ ಎರಡನೆಯ ಮತ, ಮುಚ್ಚಳವನ್ನೇ ಮುಚ್ಚಬೇಡವೆಂಬುದು, ಶಾಸ್ತ್ರಸಮ್ಮತವಾದದ್ದು. ಸೆಟ್ಟಿಂಗಿನಲ್ಲಿ ಅದಕ್ಕೆ ಅವಕಾಶವೂ ಇದೆ. ಹಿಂಗಾರಿನಲ್ಲಿ ಮರ ಬಿದ್ದು ಕರೆಂಟು ಹೋಗುವ ದಿನಗಳಿಗೆ ಮಾತ್ರ ಇದು ಅನ್ವಯಿಸದು. ಇದೆಲ್ಲ ಯಾಕೆ, ಯುಎಸ್‌ಬಿ ವೈಫೈ ಕಡ್ಡಿಯೊಂದನ್ನು ಕೊಂಡು ಚುಚ್ಚಿದರೆ ಸಾಕೆಂಬುದು ಪೇಟೆಯ ಅಂಗಡಿಯವರ ಮತ. ಯುಎಸ್‌ಬಿಗೂ ‘ಸೆಲೆಕ್ಟಿವ್ ಸಸ್ಪೆಂಡ್’ ಎಂಬ ಸ್ವಂತ ನಿದ್ದೆಯುಂಟೆಂದು ಅವರಿಗೆ ತಿಳಿಸಲಾಗಿದೆ. ಅವರು ಇನ್ನೊಂದು ಕಡ್ಡಿ ತೋರಿಸಿದ್ದಾರೆ.